ಒಂದೊಂದೇ ಮಾತ್ರೆ

ಚಿಕ್ಕಪ್ಪ ಒಂದು ಬೂಟನ್ನು ನಲ್ಲಿಯ ಕೆಳಗೆ ಹಿಡಿದು ತೊಳೆದು ಮುಗಿಸಿ ತಿರುಗಿ ನೋಡುವಷ್ಟರಲ್ಲಿ ನಾಯಿ ಇನ್ನೊಂದು ಬೂಟಿನ ಮೇಲೂ ಉಚ್ಚೆ ಹೊಯ್ದಿತ್ತು.

"ಥೂ ನಿನ್ನ! ಇಷ್ಟು ಜನ ಬಂದಿದಾರೆ, ನನ್ನ ಬೂಟೇ ಬೇಕಿತ್ತಾ ನಿಂಗೆ?"

"ಬೈಬೇಡ ಚಿಕ್ಕಪ್ಪ," ಎಂದಳು ಮಗಳು. ಒರೆಸುವ ಬಟ್ಟೆ ಹಿಡಿದು ಮಂಡಿಯೂರಿದ್ದಳು. "ಎಲ್ಲಿ ನಿಂತರೆ ಅಲ್ಲಿ ಹೊಯ್ತಾ ಇದೆ ಇವತ್ತು. ಅಪ್ಪ ಹೋಗಿದ್ದು ಅದಕ್ಕೂ ಗೊತ್ತಾಗಿದೆ."

"ಗೊತ್ತಾಗಿದ್ರೆ ಅಳಲಿ. ಉಚ್ಚೆ ಯಾಕೆ?"

ಒಳಗೆ ಯಾರೋ ಕಿಸಕ್ಕೆಂದರು. ಆಮೇಲೆ ನಗು ಮುಚ್ಚಲು ಕೆಮ್ಮಿದರು.

ನಡುಮನೆಯಲ್ಲಿ ಮಂಚದ ಮೇಲೆ ಅಪ್ಪ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಎರಡು ಗಂಟೆಗೆ ವ್ಯಾನು ಬರಬೇಕು. ಸ್ಮಶಾನದವರು ಮೂರಕ್ಕೆ ಹೊತ್ತು ಕೊಟ್ಟಿದ್ದರು; ತಪ್ಪಿದರೆ ನಾಳೆಯೇ. ಚಿಕ್ಕಪ್ಪ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದರು. ಹೇಳಿದ ಮೇಲೆ ಒಮ್ಮೆ ಕೈಗಡಿಯಾರ ನೋಡಿ, ಒಮ್ಮೆ ಅಣ್ಣನ ಮುಖ ನೋಡುತ್ತಿದ್ದರು, ಅವನೇ ಹೊರಡಲು ತಡ ಮಾಡುತ್ತಿದ್ದಾನೆ ಎಂಬಂತೆ.

ನಾಯಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಮಂಚದ ಕಾಲು ಮೂಸಿತು. ಅಡುಗೆಮನೆಗೆ ಹೋಗಿ ಬಟ್ಟಲಿನ ನೀರನ್ನು ತಳದವರೆಗೆ ನೆಕ್ಕಿತು. ಬಾಗಿಲಿಗೆ ಬಂತು. ಮತ್ತೆ ಮಂಚದ ಕಾಲು. ಅದರ ಉಗುರಿನ ಟಕಟಕ ಬೆಳಿಗ್ಗೆಯಿಂದ ನಿಂತಿರಲಿಲ್ಲ. ಗೋಡೆಗೊರಗಿ ಕೂತಿದ್ದ ಅಮ್ಮನ ಕಣ್ಣು ಅದರ ಹಿಂದೆಯೇ ತಿರುಗುತ್ತಿತ್ತು. ನೋಡಿ ನೋಡಿ ಕೂತವರಿಗೂ ಅದೇ ಅಂಟಿತು. ಒಬ್ಬೊಬ್ಬರಾಗಿ ಎದ್ದು ಕಿಟಕಿಗೂ ಬಾಗಿಲಿಗೂ ಓಡಾಡತೊಡಗಿದರು.

ಅಪ್ಪ ಕೆಲಸ ಮಾಡುತ್ತಿದ್ದ ಟಾಕೀಸಿನ ಗೇಟ್‌ಕೀಪರ್ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ. ಕೂತಿದ್ದ ಸೀಟನ್ನು ಬೆರಳಿನಿಂದ ಒತ್ತಿ ನೋಡುತ್ತಿದ್ದರು.

"ಇದೂ ಅವರ ಕೈಯದ್ದೇ ಅಲ್ವಾ? ನಮ್ಮ ಟಾಕೀಸಿನ ಅಷ್ಟೂ ಸೀಟು ಹೊಲಿದೋರು. ಆದ್ರೆ ಹೊಲೀತಿದ್ದಿದ್ದು ನಾನು ಕಣ್ಣಲ್ಲಿ ನೋಡಿಲ್ಲ ನೋಡಿ. ಇವತ್ತು ಹರಿದಿರೋ ಸೀಟು ನಾಳೆ ಮೊದಲನೇ ಆಟಕ್ಕೆ ಸರಿ ಇರ್ತಿತ್ತು. ಅಷ್ಟೇ ನಂಗೆ ಗೊತ್ತು."

"ಕತ್ತಲಲ್ಲಿ ಕೂತು ಸಿನಿಮಾ ನೋಡೋರಿಗೆ ಅದೂ ಗೊತ್ತಾಗ್ತಿರ್ಲಿಲ್ಲ," ಎಂದರು ಎದುರುಮನೆಯ ಟೈಲರ್.

* * *

ಹನ್ನೊಂದು ವರ್ಷದ ಹಿಂದೆ ಅಪ್ಪ ಆ ನಾಯಿಯನ್ನು ಮನೆಗೆ ತಂದದ್ದೂ ಯಾರಿಗೂ ಹೇಳದೆಯೇ. ಟಾಕೀಸಿನ ಪರದೆಯ ಹಿಂದೆ ಸಿಕ್ಕ ಮರಿ. ಸೂಜಿ ದಾರದ ಚೀಲದಲ್ಲಿ ಹಾಕಿಕೊಂಡು ಬಂದು, ಕೆಳಗಿನ ಕೆಲಸದ ಕೋಣೆಯಲ್ಲಿ, ಸೀಟಿಗೆ ತುಂಬುವ ನಾರಿನ ಮೂಟೆಗಳ ಸಂದಿಯಲ್ಲಿ ಬಿಟ್ಟ.

ಮಾರನೆಯ ದಿನ ಮಗ ಅದನ್ನು ನೋಡಿದ. ಅಪ್ಪನಿಗೆ ಗೊತ್ತಾದರೆ ಓಡಿಸಿಬಿಟ್ಟಾನು ಎಂದು ತನ್ನ ಲೋಟದ ಹಾಲನ್ನು ಕದ್ದು ಹಾಕಿದ. ಸಂಜೆ ಮಗಳು ನೋಡಿದಳು. ತಮ್ಮನಿಗೆ ಗೊತ್ತಾದರೆ ಬೀದಿಗೆಲ್ಲ ಸಾರುತ್ತಾನೆ ಎಂದು ಬ್ರೆಡ್ಡನ್ನು ದುಪಟ್ಟಾದಲ್ಲಿ ಮುಚ್ಚಿಕೊಂಡು ಹೋಗಿ ಹಾಕಿದಳು. ಅಮ್ಮ ಗುಡಿಸಲು ಹೋದವಳು ನೋಡಿ, ಪಾಪ ಯಾರೂ ನೋಡಿಲ್ಲ, ಹಸಿದಿದೆ ಎಂದುಕೊಂಡು ಹೊಟ್ಟೆ ತುಂಬ ಅನ್ನ ಹಾಕಿದಳು. ಎಂಟು ದಿನ ನಾಲ್ವರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಒಂಬತ್ತನೆಯ ದಿನ ಮರಿ ಉಬ್ಬಿದ ಹೊಟ್ಟೆಯಿಂದ ಎರಡು ಮೂಟೆಗಳ ನಡುವೆ ಸಿಕ್ಕಿಕೊಂಡು ಕುಂಯ್‌ಗುಟ್ಟಿತು. ನಾಲ್ವರೂ ನಾಲ್ಕು ಕಡೆಯಿಂದ ಓಡಿಬಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಗುಂಡ," ಎಂದಳು ಅಮ್ಮ. ಅದೇ ಹೆಸರಾಯಿತು.

ಆ ಮನೆಯ ನಡೆಯೇ ಹಾಗೆ. ಚಪ್ಪಲಿಯ ಪಟ್ಟಿ ಕಿತ್ತುಹೋದರೆ ಬೆಳಗಾಗುವಷ್ಟರಲ್ಲಿ ಹೊಲಿದಿರುತ್ತಿತ್ತು. ಯಾರು, ಯಾವಾಗ ಎಂದು ಕೇಳಿದರೆ ಅಪ್ಪ, "ಆಗಿದೆಯಲ್ಲ, ಇನ್ನೇನು ಮಾತು?" ಎನ್ನುತ್ತಿದ್ದ. ಮಕ್ಕಳು ಬೆಳೆದು ದೊಡ್ಡವರಾದರು. ಮಗಳು ಅಂಚೆ ಕಚೇರಿ ಸೇರಿದಳು, ಮಗ ಸ್ಕೂಲ್ ಬಸ್ಸು ಓಡಿಸತೊಡಗಿದ. ಇಬ್ಬರೂ ಬೇರೆ ಬೇರೆ ಮನೆ ಮಾಡಿದರೂ ಆ ಅಭ್ಯಾಸ ಮಾತ್ರ ಜೊತೆಗೇ ಹೋಯಿತು. ಮಾಡಿದ್ದನ್ನು ಬಾಯಿಬಿಟ್ಟು ಹೇಳಿಕೊಂಡರೆ ಅದರ ತೂಕ ಕಳೆದುಹೋಗುತ್ತದೆ ಎಂದೇ ಅವರೆಲ್ಲ ತಿಳಿದಿದ್ದರು.

ಹೋದ ವರ್ಷ ಗುಂಡನ ಹೃದಯ ಸೋತಿತು. ಮೈಯಲ್ಲಿ ತುಂಬುವ ನೀರನ್ನು ಇಳಿಸಲು ಪ್ರಾಣಿಗಳ ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟರು. ಅಪ್ಪ ಅದನ್ನು ಬ್ರೆಡ್ಡಿನ ಚೂರಿನಲ್ಲಿಟ್ಟು ಕೊಡುತ್ತಿದ್ದ. ಎಷ್ಟು ಹೊತ್ತಿಗೆ ಎಂದು ಯಾರೂ ಕೇಳಿರಲಿಲ್ಲ.

* * *

ಒಂದೂಮುಕ್ಕಾಲಿಗೆ ಉಗುರಿನ ಸದ್ದು ನಿಂತಿತು. ಅಷ್ಟು ಹೊತ್ತು ಅದರಿಂದ ರೋಸಿಹೋಗಿದ್ದವರೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಗುಂಡ ಮಂಚದ ಪಕ್ಕದಲ್ಲಿ ನಾಲ್ಕು ಕಾಲನ್ನೂ ಚಾಚಿ ಬಿದ್ದಿತ್ತು. ನಾಲಗೆ ಒಣಗಿ ಹೊರಗೆ ಜೋತಿತ್ತು.

"ಗುಂಡಾ, ಏಳೋ," ಮಗಳು ಅದರ ತಲೆ ಎತ್ತಿದಳು. ಬಿಟ್ಟರೆ ಮತ್ತೆ ಬಿತ್ತು. "ಎದೆ ಮಾತ್ರೇನೂ ಹಾಕಿದೀನಲ್ಲ, ಯಾಕೋ ಹೀಗೆ?"

"ಯಾವಾಗ ಹಾಕ್ದೆ?" ಎಂದ ಮಗ.

"ಹತ್ತೂವರೆಗೆ. ನಿನ್ನೆ ಗಲಾಟೇಲಿ ಯಾರೂ ಕೊಟ್ಟಿರಲ್ಲ, ಇವತ್ತೂ ತಪ್ಪೋದು ಬೇಡ ಅಂತ."

ಮಗ ಅಲ್ಲೇ ಕುಕ್ಕರಿಸಿದ. "ಅಕ್ಕಾ, ನಾನು ಒಂಬತ್ತಕ್ಕೆ ಕೊಟ್ಟಿದೀನಿ."

"ಒಂದು ಮಾತು ಹೇಳ್ಬಾರ್ದಾ?"

"ನೀನು ಹೇಳಿದ್ಯಾ?"

ಗೋಡೆಯ ಕಡೆಯಿಂದ ಅಮ್ಮನ ದನಿ ಬಂತು. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು ಅದು. "ಏಳು ಗಂಟೆಗೇ ಒಂದು ಕೊಟ್ಟೆ ನಾನು."

ಚಿಕ್ಕಪ್ಪ ಹಣೆ ಚಚ್ಚಿಕೊಂಡರು. "ಭಲೇ ಸಂಸಾರ! ನಮ್ಮಣ್ಣ ಸಾಕಿದ್ದು ಮಕ್ಕಳನ್ನೋ ಮೂಕರನ್ನೋ?"

ಡಾಕ್ಟರಿಗೆ ಫೋನು ಹೋಯಿತು. ಮೈಯ ನೀರೆಲ್ಲ ಇಳಿದುಹೋಗಿರಬೇಕು, ಈಗಲೇ ತನ್ನಿ, ಇಲ್ಲದಿದ್ರೆ ಸಂಜೆಯವರೆಗೆ ಉಳಿಯೋದಿಲ್ಲ ಎಂದರು ಅವರು. ಫೋನು ಇಡುವಾಗಲೇ ಕೆಳಗೆ ವ್ಯಾನಿನ ಹಾರ್ನ್ ಕೇಳಿಸಿತು.

"ಒಂದು ಬಾಡಿಗೆ ಗಾಡಿ ಹಿಡಿದು ನಾನು ಕರ್ಕೊಂಡು ಹೋಗ್ತೀನಿ," ಮಗ ಎದ್ದ.

"ನೀನು ನಾಯಿ ಹೊತ್ಕೊಂಡು ಹೋಗು, ನಿಮ್ಮಪ್ಪನ್ನ ಬೀದೀಲಿ ಹೋಗೋರು ಹೊರಲಿ," ಎಂದರು ಚಿಕ್ಕಪ್ಪ. "ಹನ್ನೊಂದು ವರ್ಷದ ನಾಯಿ ಕಣೋ. ಇವತ್ತಲ್ಲ ನಾಳೆ ಸಾಯೋದೇ. ಮೂಲೇಲಿ ಮಲಗಿಸಿ ಬನ್ನಿ, ಹೊತ್ತಾಯ್ತು."

ಅಮ್ಮ ಗೋಡೆ ಹಿಡಿದು ಎದ್ದಳು. "ವ್ಯಾನಿಗೆ ಹಾಕಿ."

"ಯಾರನ್ನ ಅತ್ತಿಗೆ?"

"ಇಬ್ರನ್ನೂ."

ಚಿಕ್ಕಪ್ಪ ಸಹಾಯಕ್ಕೆ, ಅಷ್ಟರಲ್ಲಿ ಮೇಲೆ ಬಂದಿದ್ದ ವ್ಯಾನಿನ ಡ್ರೈವರನ್ನು ನೋಡಿದರು. ಅವನು ತಲೆ ಕೆರೆದುಕೊಂಡ. "ಆ ಆಸ್ಪತ್ರೆ ದಾರೀಲೇ ಸಿಗತ್ತೆ ಸಾರ್. ಇಪ್ಪತ್ತು ವರ್ಷದಿಂದ ಈ ಗಾಡಿ ಓಡಿಸ್ತಿದೀನಿ, ಅವಸರ ಇರೋರು ಒಬ್ರೂ ಹತ್ತಿರಲಿಲ್ಲ. ಇವತ್ತೇ ಮೊದಲು."

* * *

ಕೆಳಗಿನ ಕೆಲಸದ ಕೋಣೆಯಿಂದ ಮನೆಗೆ ಹತ್ತೊಂಬತ್ತು ಮೆಟ್ಟಿಲು. ಐದು ತಿಂಗಳಿಂದ ಅಪ್ಪ ಹತ್ತನೆಯ ಮೆಟ್ಟಿಲಲ್ಲಿ ನಿಲ್ಲತೊಡಗಿದ್ದ. ಕೈ ಎದೆಯ ಮೇಲಿರುತ್ತಿತ್ತು. ಯಾರಾದರೂ ಎದುರಾದರೆ ಅಂಗಿಯ ಜೇಬಿನಲ್ಲಿ ಸೂಜಿ ಹುಡುಕುವವನಂತೆ ತಡಕುತ್ತಿದ್ದ. ಅಡುಗೆಮನೆಯ ಕಿಟಕಿಯಿಂದ ಅಮ್ಮನಿಗೆ ಅದು ಕಾಣಿಸುತ್ತಿತ್ತು. ಅವನು ಮುಚ್ಚಿಟ್ಟದ್ದನ್ನು ತಾನು ಬಿಚ್ಚಬಾರದೆಂದು ಅವಳು ಕೇಳಲಿಲ್ಲ. ಒಂದು ದಿನ ಮೆಟ್ಟಿಲು ತಿರುಗುವ ಜಾಗದಲ್ಲಿ ಒಂದು ಸ್ಟೂಲು ತಂದಿಟ್ಟಳು. ಅಪ್ಪ ಅದರ ಮೇಲೆ ಕೂತು ಸುಧಾರಿಸಿಕೊಂಡು ಮೇಲೆ ಬಂದ. ಅವನೂ ಏನೂ ಅನ್ನಲಿಲ್ಲ. ಎರಡು ದಿನದ ಮೇಲೆ ನೋಡಿದರೆ ಸ್ಟೂಲಿಗೆ ಹಸಿರು ಬಟ್ಟೆಯ ಮೆತ್ತೆ ಹೊಲಿದಿತ್ತು, ಟಾಕೀಸಿನ ಬಾಲ್ಕನಿಯ ಸೀಟಿನಂಥದ್ದು.

ಭಾನುವಾರ ಕೇಳೋಣ ಎಂದುಕೊಂಡಳು. ಮುಂದಿನ ಭಾನುವಾರ ಎಂದುಕೊಂಡಳು.

ನಿನ್ನೆ ಬೆಳಿಗ್ಗೆ ಅಪ್ಪ ಆ ಸ್ಟೂಲಿನ ಮೇಲೆ ಕೂತವನು ಏಳಲಿಲ್ಲ. ಕಾಫಿ ಆರಿದ ಮೇಲೆ ಅಮ್ಮ ಹೋಗಿ ನೋಡಿದಳು. ಗುಂಡ ಅವನ ಪಾದದ ಮೇಲೆ ಗದ್ದವಿಟ್ಟು ಮಲಗಿತ್ತು.

* * *

ಪ್ರಾಣಿಗಳ ಆಸ್ಪತ್ರೆಯ ಬೆಂಚಿನ ಮೇಲೆ ಬುಟ್ಟಿಯಲ್ಲಿ ಬೆಕ್ಕು ಹಿಡಿದವರು, ಕೋಳಿ ಹಿಡಿದವರು ಕೂತಿದ್ದರು. ಬಾಗಿಲಿಗೆ ಅಡ್ಡಲಾಗಿ ಶವದ ವ್ಯಾನು ಬಂದು ನಿಂತದ್ದನ್ನು ಕಂಡು ಕೋಳಿಯವನು ಹಕ್ಕಿಯನ್ನು ಎದೆಗವಚಿಕೊಂಡು ಜಾಗ ಬಿಟ್ಟ.

ಡಾಕ್ಟರಮ್ಮ ಗುಂಡನ ಕತ್ತಿನ ಚರ್ಮ ಎಳೆದು ನೋಡಿದರು. ಎಳೆದದ್ದು ಎಳೆದ ಹಾಗೇ ನಿಂತಿತು. "ಯಾರ್ಯಾರು ಎಷ್ಟು ಕೊಟ್ರಿ? ಮುಚ್ಚಿಡಬೇಡಿ."

"ಏಳಕ್ಕೆ ಒಂದು," ಎಂದಳು ಅಮ್ಮ.

"ಒಂಬತ್ತಕ್ಕೆ ಒಂದು."

"ಹತ್ತೂವರೆಗೆ ಒಂದು."

ಜೊತೆಗೇ ವ್ಯಾನು ಹತ್ತಿ ಬಂದಿದ್ದ ಟೈಲರ್ ಹಿಂದಿನಿಂದ ಗಂಟಲು ಸರಿಮಾಡಿಕೊಂಡರು. "ನಂದೂ ಅರ್ಧ ಸೇರಿಸ್ಕೊಳಿ. ಎಲ್ಲರೂ ದುಃಖದಲ್ಲಿದಾರೆ, ಮರೆತಿರ್ತಾರೆ ಅಂತ, ಹನ್ನೆರಡಕ್ಕೆ..."

"ನೀವು ಮನೆಯವರಾ?"

"ಎದುರುಮನೆ. ಮೂವತ್ತು ವರ್ಷದಲ್ಲಿ ನಂಗೂ ಅಂಟ್ಕೊಂಡುಬಿಟ್ಟಿದೆ ತಾಯಿ."

ಡಾಕ್ಟರಮ್ಮ ನಗಲಿಲ್ಲ. ಗುಂಡನನ್ನು ನೆಲದ ಮೇಲಿನ ಹಾಸಿಗೆಯಲ್ಲಿ ಮಲಗಿಸಿ, ಮುಂಗಾಲಿನ ಕೂದಲು ಬೋಳಿಸಿ ಸೂಜಿ ಹಾಕಿದರು. "ಡ್ರಿಪ್ಪಲ್ಲಿ ನೀರು ಕೊಡ್ಲೇಬೇಕು. ಆದ್ರೆ ಎದೆ ಸೋತಿರೋದು, ಜೋರಾಗಿ ಹೋದ್ರೂ ಕಷ್ಟ. ಬಾಟಲಿ ತೂಗುಹಾಕೋ ಸ್ಟ್ಯಾಂಡು ಒಳಗೆ ಕುರಿಗೆ ಹಾಕಿದೀನಿ. ಒಬ್ಬರು ಬಾಟಲಿ ಹಿಡ್ಕೊಂಡು ಕೂರಬೇಕು, ಎರಡು ಗಂಟೆ. ಭುಜದ ಮಟ್ಟದಲ್ಲಿರಲಿ, ಮೇಲೆತ್ತಿದ್ರೆ ಬಿರುಸಾಗತ್ತೆ. ಇನ್ನೊಂದು ಕೈ ತಲೆ ಮೇಲೆ. ಅಲ್ಲಾಡಿದ್ರೆ ಸೂಜಿ ಕಿತ್ತು ಬರತ್ತೆ."

"ನಾನಿರ್ತೀನಿ, ನೀವೆಲ್ಲ ಹೋಗಿ," ಎಂದು ಟೈಲರ್ ಮುಂದೆ ಬಂದರು. ಅವರ ಕೈ ತಲೆಗೆ ತಾಗುತ್ತಲೇ, ಏಳಲಾಗದ ಗುಂಡ ತುಟಿ ಮೇಲೆತ್ತಿ ಗುರ್ರೆಂದಿತು. ಸೂಜಿಯ ಕಾಲು ಅದುರಿತು. ಟೈಲರ್ ಹಿಂದೆ ಸರಿದರು.

ಚಿಕ್ಕಪ್ಪ ಗಾಜಿನ ಬಾಗಿಲನ್ನು ಹೊರಗಿನಿಂದ ಕುಟ್ಟಿ ಕೈಗಡಿಯಾರ ತೋರಿಸಿದರು. ಎರಡು ಮೂವತ್ತೈದು.

"ನಾನು ಕೂರ್ತೀನಮ್ಮ," ಮಗಳು ಚಪ್ಪಲಿ ಬಿಟ್ಟಳು.

"ನೀನು ನಡಿ. ನಾನಿರ್ತೀನಿ."

"ನೀನಿಲ್ದೆ ಅಪ್ಪನ್ನ ಹೇಗೆ ಕಳಿಸೋದು? ಜನ ಏನಂತಾರೆ?"

"ಬಾಯಿಬಿಟ್ಟು ಹೇಳ್ತಾ ಇದೀನಿ, ಕೇಳು. ನಾನಿಲ್ಲೇ ಇರ್ತೀನಿ." ಅಮ್ಮ ನೆಲದ ಮೇಲೆ ಕೂತು ಬಾಟಲಿಗೆ ಕೈ ಚಾಚಿದಳು. ಡಾಕ್ಟರಮ್ಮ ಕೊಟ್ಟರು. "ಐದು ತಿಂಗಳು ನಿಮ್ಮಪ್ಪ ಎದೆ ಹಿಡ್ಕೊಂಡು ಮೆಟ್ಟಿಲು ಹತ್ತೋದು ನೋಡಿದೆ. ಏನಾಗ್ತಿದೆ ಅಂತ ಕೇಳ್ಲಿಲ್ಲ. ಸ್ಟೂಲು ಇಟ್ಟೆ. ಸ್ಟೂಲು!"

ಬುಟ್ಟಿಯೊಳಗಿನ ಬೆಕ್ಕು ಪರಚುತ್ತಿತ್ತು. ಮಗ ಗೋಡೆಯ ಕಡೆ ತಿರುಗಿ ನಿಂತಿದ್ದ.

"ನಾನೂ ನೋಡಿದ್ದೆ," ಎಂದ ಅವನು. "ದೊಡ್ಡಾಸ್ಪತ್ರೇಲಿ ಅಪ್ಪನ ಹೆಸರು ಬರೆಸಿಟ್ಟಿದ್ದೆ, ಬರೋ ಸೋಮವಾರಕ್ಕೆ. ಹೇಳಿದ್ರೆ ಬೇಡ ಅಂತಾರೆ ಅಂತ... ಹಾಗೇ ಸುಮ್ನೆ ಬಸ್ ಹತ್ತಿಸ್ಕೊಂಡು ಹೋಗಿಬಿಡೋಣ ಅಂತ..."

ಅಮ್ಮ ತಲೆಯೆತ್ತಿ ಅವನ ಬೆನ್ನನ್ನೇ ನೋಡಿದಳು. ಬಾಟಲಿ ಭುಜದಿಂದ ಕೆಳಗೆ ಜಾರಿತು. ಮಗಳು ಬಗ್ಗಿ ತಾಯಿಯ ಮೊಣಕೈಯನ್ನು ಹಿಡಿದಳು. ಬಾಟಲಿ ಮತ್ತೆ ಭುಜದ ಮಟ್ಟಕ್ಕೆ ಬರುವವರೆಗೂ ಹಿಡಿದೇ ಇದ್ದಳು.

"ಹೋಗ್ರಪ್ಪ," ಎಂದಳು ಅಮ್ಮ. "ಅಲ್ಲಿ ಕೇಳಿದ್ರೆ ಏನೇನೋ ನೆಪ ಹೇಳ್ಬೇಡಿ. ನಾಯಿ ಹತ್ರ ಕೂತಿದಾಳೆ ಅನ್ನಿ."

ಇಬ್ಬರೂ ಹೊರಗೆ ಹೋದರು. ಟೈಲರ್ ಅವರ ಹಿಂದೆ ಹೋದರು. ಗಾಜಿನಾಚೆ ಚಿಕ್ಕಪ್ಪನ ಬಾಯಿ ಜೋರಾಗಿ ಆಡುವುದು ಕಾಣಿಸಿತು, ಮಗಳು ಅವರ ಕಿವಿಯಲ್ಲಿ ಏನೋ ಅಂದದ್ದು ಕಾಣಿಸಿತು. ಆಮೇಲೆ ಚಿಕ್ಕಪ್ಪ ಒಳಗೆ ಒಮ್ಮೆ ನೋಡಿ, ವ್ಯಾನು ಹತ್ತಿದರು.

ಡ್ರೈವರ್ ಹಿಂದಿನ ಬಾಗಿಲು ಹಾಕಿದ. ವ್ಯಾನು ಸ್ವಲ್ಪ ಹಿಂದಕ್ಕೆ ಬಂದು, ತಿರುಗಿ, ರಸ್ತೆಗಿಳಿಯಿತು.

ಬಾಟಲಿ ಹಿಡಿದಿದ್ದ ಅಮ್ಮನ ಕೈ, ಊರಿಗೆ ಹೊರಟವರನ್ನು ಕಳಿಸಿಕೊಡುವಂತೆ, ತಾನಾಗಿ ತಲೆಗಿಂತ ಮೇಲೆ ಎದ್ದಿತು. ಕೊಳವೆಯಲ್ಲಿ ಹನಿ ಹನಿಯಾಗಿದ್ದದ್ದು ಎಳೆಯಾಗಿ ಸುರಿಯಿತು. ಅವಳು ಅದನ್ನು ಕಂಡು, ವ್ಯಾನು ಇನ್ನೂ ತಿರುವು ದಾಟುವ ಮೊದಲೇ, ಕೈಯನ್ನು ಭುಜದ ಮಟ್ಟಕ್ಕೆ ಇಳಿಸಿದಳು.