ಹಾಡಿನ ನಡುವೆ ಬಂದ ಪೈ

ಉಕ್ಕಿನ ಕುಲುಮೆಯ ಬಳಿ ಸತ್ತ ಅಪ್ಪನ ಮೇಲೆ ನೆವಿಲ್ ಥ್ಯಾಕ್ರೆ ಒಂದು ಹಾಡು ಕಟ್ಟಿದ್ದ. ಗಿಟಾರು, ಡ್ರಮ್ಮು ಸೇರಿ ಕಾರ್ಖಾನೆಯನ್ನೇ ತಂದು ಕೇಳುವವರ ತಲೆಯ ಮೇಲೆ ಕೂರಿಸುತ್ತವೆ. ಆಮೇಲೆ ಎಲ್ಲವೂ ಒಮ್ಮೆಗೇ ನಿಂತು, ಆ ಮೌನದೊಳಗಿಂದ ನೆವಿಲ್ "ಪಾಳಿ ಮುಗೀತು, ಮನೆಗೆ ಬಾ ಅಪ್ಪ" ಎಂದು ಕರೆಯುತ್ತಾನೆ. ಆ ಒಂದು ಕರೆಗಾಗಿಯೇ ಅಷ್ಟೂ ಗದ್ದಲ. ಜನ ಅದನ್ನು ಒಮ್ಮೆ ಕೇಳಿಸಿಕೊಂಡರೆ ಸಾಕಿತ್ತು ಅವನಿಗೆ.

ಎಪ್ಪತ್ತೆರಡರ ಚಳಿಗಾಲದಲ್ಲಿ ಲಂಡನ್ನಿನ ಕಂಪನಿಯೊಂದು ಅವನ ತಂಡದ ಮೊದಲ ಆಲ್ಬಮ್ಮನ್ನು ಅವನ ಊರಾದ ರಾದರ್‌ಹ್ಯಾಮಿನ ಕಾರ್ಮಿಕರ ಕ್ಲಬ್ಬಿನಲ್ಲೇ, ಜನರೆದುರು ಧ್ವನಿಮುದ್ರಿಸಿಕೊಳ್ಳಲು ಬಂತು. ಅಲ್ಲಿ ಹಾಡಿನವರ ಉಸ್ತುವಾರಿ ಅಪ್ಪನ ಗೆಳೆಯ ವಿಲ್ಫ್ ಸಗ್ಡನ್‌ನದು. ವೇದಿಕೆಯ ಪಕ್ಕ ಅವನದೇ ಒಂದು ಮೈಕು. ಬೇಕರಿಯಿಂದ ಪೈ, ಅಂದರೆ ಮಾಂಸ ತುಂಬಿದ ಬಿಸಿ ಕಡುಬು, ಬಂದ ಕೂಡಲೇ, ವೇದಿಕೆಯ ಮೇಲೆ ಯಾರೇ ಇರಲಿ, ಕೂಗಿ ಹೇಳುವುದು ಅಲ್ಲಿನ ಪದ್ಧತಿ. ಹಾಡು ಆರಿದರೆ ಮತ್ತೆ ಬಿಸಿ ಮಾಡಬಹುದು, ಪೈ ಆರಿದರೆ ಯಾರು ತಿನ್ನುತ್ತಾರೆ?

ಹಾಡು ಆ ಮೌನಕ್ಕೆ ಬಂತು. ನೆವಿಲ್ ಬಾಯಿ ತೆರೆದ. ವಿಲ್ಫ್ ಕೂಡ ತೆರೆದ.

"ಪೈ ಬಂದಿದೆ. ಸಾಲಾಗಿ ಬನ್ನಿ, ನೂಕಬೇಡಿ. ಬಟಾಣಿ ಬೇಕಾದೋರು ಎಡಗಡೆ."

ಕುರ್ಚಿಗಳು ಕಿರುಗುಟ್ಟಿದವು. ಮೌನವೂ ಒಂದು ತಟ್ಟೆ ಹಿಡಿದು ಸಾಲಿಗೆ ಹೊರಟಿತು.

"ಏನ್ ಮಾಮ, ರೆಕಾರ್ಡಿಂಗ್ ನಡೀತಿದೆ ಅಂತ ನಾನು ಹೇಳಿರ್ಲಿಲ್ವಾ?" ಹಾಡು ಮುಗಿದ ಮೇಲೆ ನೆವಿಲ್ ಕೇಳಿದ.

"ನೀನು ಹೇಳಿದ್ದೆ ಕಣೋ. ನೀವೆಲ್ಲ ಸುಮ್ನಾದ್ರಲ್ಲ, ಮುಗೀತು ಅಂದ್ಕೊಂಡೆ. ಅದಕ್ಕೂ ಮುಂಚೆ ಕೂಗಿದ್ರೆ ನನ್ ದನಿ ಯಾರಿಗ್ ಕೇಳ್ತಿತ್ತು?"

ಅದೊಂದನ್ನು ಕತ್ತರಿಸಿ ಎಂದು ನೆವಿಲ್ ಕಂಪನಿಯವನನ್ನು ಗೋಗರೆದ. "ಅವರ ಮಾತೂ ನಿಮ್ಮ ಕರೆಯೂ ಅಂಟ್ಕೊಂಡಿದೆ, ಬಿಡಿಸೋಕಾಗಲ್ಲ. ಯಾರೂ ಗಮನಿಸಲ್ಲ ಬಿಡಿ" ಎಂದ ಆತ.

ಗಮನಿಸಿದರು. ಲಂಡನ್ನಿನ ಸಂಗೀತದ ವಾರಪತ್ರಿಕೆ ಬರೆಯಿತು: ಗಿಟಾರು ಬರೀ ಗದ್ದಲ, ಗಾಯನ ಸಾಧಾರಣ, ಆದರೆ ಸಾವಿನ ಹೊಸ್ತಿಲಲ್ಲಿ ಹಸಿವನ್ನು ತಂದು ನಿಲ್ಲಿಸಿದ ಆ ಅನಾಮಧೇಯ ದನಿ, ಈಚಿನ ರಾಕ್ ಸಂಗೀತದ ಅತ್ಯಂತ ದಿಟ್ಟ ಗಳಿಗೆ. ಆಲ್ಬಮ್ ಅಂಗಡಿಗಳಲ್ಲಿ ನಿಲ್ಲದೆ ಖರ್ಚಾಯಿತು. ಯಾವ ಊರಿನಲ್ಲಿ ಹಾಡಿದರೂ, ಮೌನ ಬರುತ್ತಲೇ ಇಡೀ ಸಭೆ ಒಕ್ಕೊರಲಿನಿಂದ "ಪೈ ಬಂದಿದೆ" ಎನ್ನುತ್ತಿತ್ತು. ಅಪ್ಪನನ್ನು ಕರೆದದ್ದು ಯಾರ ಕಿವಿಗೂ ಬೀಳಲಿಲ್ಲ.

ನೆವಿಲ್ ಮುಖ ಸಣ್ಣದು ಮಾಡಿಕೊಂಡು ಊರಿಗೆ ಬಂದಾಗ ವಿಲ್ಫ್ ತಾನೇ ಹುಡುಕಿಕೊಂಡು ಬಂದ.

"ಆ ಗಲಾಟೇಲಿ ಅದು ನಿಮ್ಮಪ್ಪನ ಹಾಡು ಅಂತ ಗೊತ್ತೇ ಆಗ್ಲಿಲ್ಲ ಮರಿ. ಭಾನುವಾರ ಬಂದು ಹಾಡು. ಪೈ ಬಂದ್ರೂ ನಾನು ಬಾಯಿ ಬಿಡಲ್ಲ."

ಮಾತಿನಂತೆ ನಡೆದ. ಭಾನುವಾರ ಪೈ ಬಂದಾಗ ತಟ್ಟೆಗಳ ಮೇಲೆ ತನ್ನ ಕೋಟು ಹೊದಿಸಿ, ಮೈಕಿಗೆ ಬೆನ್ನು ಹಾಕಿ ಕುಳಿತ. ಗದ್ದಲ ನಿಂತಿತು. ಒಂದು ಕುರ್ಚಿಯೂ ಅಲುಗಲಿಲ್ಲ. ನೆವಿಲ್ ಅಪ್ಪನನ್ನು ಮನೆಗೆ ಕರೆದ. ವಿಲ್ಫ್ ಕರವಸ್ತ್ರ ಹುಡುಕಿದ.

ಹಾಡು ಮುಗಿದರೂ ಯಾರೂ ಚಪ್ಪಾಳೆ ತಟ್ಟಲಿಲ್ಲ. ಕೊನೆಗೆ ಅಪ್ಪನ ಜೊತೆ ಶಾಲೆಗೆ ಹೋಗಿದ್ದ ಬೆರಿಲ್ ಆಂಟಿ ಮುಂದಿನ ಮೇಜಿನಿಂದ ಸಮಾಧಾನ ಹೇಳಿದಳು: "ಚೆನ್ನಾಗಿತ್ತು ಮರಿ, ಬೇಜಾರ್ ಮಾಡ್ಕೋಬೇಡ. ಆದ್ರೂ ರೆಕಾರ್ಡಲ್ಲಿ ಇನ್ನೂ ಚೆನ್ನಾಗಿದೆ. ಇವತ್ತು ಮಧ್ಯದಲ್ಲಿ ಏನೋ ಬಿಟ್ಟೋಯ್ತು."

ನೆವಿಲ್ ಗಿಟಾರು ಕೆಳಗಿಟ್ಟ. ನಡೆದು ಹೋಗಿ ವಿಲ್ಫ್‌ನ ಮೈಕು ಹಿಡಿದ.

"ಪೈ ಬಂದಿದೆ. ಆರಿಹೋಗಿದೆ. ಸಾಲಾಗಿ ಬನ್ನಿ."

ಕ್ಲಬ್ಬಿಗೆ ಕ್ಲಬ್ಬೇ ಎದ್ದು ನಿಂತು ಚಪ್ಪಾಳೆ ತಟ್ಟಿತು.