ಪೊವಿಲಾಸನ ಹೆಪ್ಪು

2019ರ ನವೆಂಬರ್ 9, ಶನಿವಾರ, ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷ. ಗೆನೊವೈತೆ ಬಸ್ಸಿಳಿದು ನೇರವಾಗಿ ರಮೂನಸ್ ಬಿಯರ್ ತಯಾರಿಸುವ ಮನೆಗೆ ಬಂದಳು. ರುಚಿ ನೋಡುವ ಕೋಣೆಯಲ್ಲಿ ನೆರೆಮನೆಯ ಕಜಿಸ್ ಬೇಯಿಸಿದ ಬಟಾಣಿ ಮುಂದಿಟ್ಟುಕೊಂಡು ಆಗಲೇ ಎರಡನೆಯ ಲೋಟದಲ್ಲಿದ್ದ.

“ಬಾರಮ್ಮ ಜಿಪುಣಿ, ಬಾವಿಗೆ ಬೀಗ ಹಾಕ್ಕೊಂಡು ಬಂದ್ಯಾ?”

“ನಿನ್ನಂಥೋನು ಪಕ್ಕದಲ್ಲಿದ್ರೆ ಹಾಕಲೇಬೇಕು.”

ಅಣಕಕ್ಕೆ ಕಾರಣವಿತ್ತು. ಅವಳ ಗಂಡ ಪೊವಿಲಾಸ್ ಬಿಯರಿನ ಹೆಪ್ಪನ್ನು ಜಾಡಿಯಲ್ಲಿ ತುಂಬಿ, ಹಗ್ಗ ಕಟ್ಟಿ, ಬಾವಿಯ ತಂಪಿಗೆ ಇಳಿಬಿಡುತ್ತಿದ್ದ. ಅವನಪ್ಪನ ಕಾಲದಿಂದ ಬಂದ ಯೀಸ್ಟ್ ಅದು. ಯಾರ ಮನೆಯ ಹೆಪ್ಪು ಕೆಟ್ಟರೂ ನೆರೆಯವರಿಂದ ಒಂದು ಬಟ್ಟಲು ತರುವುದು ಊರಿನ ರೂಢಿ. ಕೊಟ್ಟವರದು ಕೆಟ್ಟಾಗ ಅದೇ ಬಟ್ಟಲು ತಿರುಗಿ ಬರುತ್ತಿತ್ತು. ಪೊವಿಲಾಸ್ ತೀರಿಕೊಂಡ ವರ್ಷವೇ ಕಜಿಸನದು ಕೆಟ್ಟಿತು. ಮೂರು ಸಲ ಬಂದು ಕೇಳಿದ. ಜಾಡಿಯ ಮುಚ್ಚಳ ಗಂಡ ತನ್ನ ಕೈಯಾರೆ ಬಿಗಿದದ್ದು. ಗೆನೊವೈತೆ ಅದನ್ನು ತೆಗೆಯಲು ಒಪ್ಪಲಿಲ್ಲ. ಮೂರನೆಯ ಸಲ ಕಜಿಸ್ ಸಿಟ್ಟಿನಿಂದ ಬಟ್ಟಲನ್ನು ಹೊಸ್ತಿಲ ಮೇಲೇ ಬಿಟ್ಟುಹೋದ.

ಹೀಗೆ ಎರಡು ವರ್ಷ. ಬರುವ ತಿಂಗಳು ಪೊವಿಲಾಸ್ ತೀರಿಕೊಂಡ ಎರಡನೆಯ ವರ್ಷದ ದಿನ. ಅಂದು ಅವನದೇ ಬಿಯರು ಬಡಿಸಬೇಕೆಂದು ಬುಧವಾರ ಜಾಡಿಯನ್ನು ಇಲ್ಲಿ ಕೊಟ್ಟುಹೋಗಿದ್ದಳು.

ರಮೂನಸ್ ಒಳಗಿನಿಂದ ರಸ ತುಂಬಿದ ಗಾಜಿನ ಸೀಸೆಯೊಂದನ್ನು ತಂದ.

“ಕೂತ್ಕೊಳ್ಳಿ ಚಿಕ್ಕಮ್ಮ.”

“ನಿಂತೇ ಕೇಳ್ತೀನಿ. ಬದುಕಿದೆಯೇನೋ?”

“ಬುಧವಾರ ನಿಮ್ಮ ಹೆಪ್ಪನ್ನ ಮೊಳಕೆ ಬಾರ್ಲಿಯ ಮಾಲ್ಟ್ ರಸಕ್ಕೆ ಬೆರೆಸಿದಾಗ ಅದರ ಸಿಹಿ ಹನ್ನೆರಡೂವರೆ ಡಿಗ್ರಿ ಇತ್ತು. ಜೀವ ಇದ್ರೆ ಅದನ್ನ ತಿಂದು ಇಳಿಸಿರುತ್ತೆ. ನಿಮ್ಮೆದುರೇ ಅಳೆಯೋಣ ಅಂತ ಬಿಟ್ಟಿದ್ದೆ. ಆದ್ರೆ ನೊರೆ ಬಂದಿಲ್ಲ.” ಅವನು ತಲೆ ತಗ್ಗಿಸಿದ. “ಹೆಪ್ಪಿಗೆ ಆಗಾಗ ಉಣಿಸ್ತಿರಬೇಕು. ಎರಡು ವರ್ಷ ಉಪವಾಸ ಅಂದ್ರೆ...”

ಗೆನೊವೈತೆ ಕಜಿಸನತ್ತ ತಿರುಗಿದಳು. “ಊರಲ್ಲಿ ಯಾರ ಹತ್ರಾನಾದ್ರೂ ನಮ್ಮ ಯಜಮಾನ್ರ ಹೆಪ್ಪು ಉಳಿದಿದೆಯಾ?”

“ಉಳಿದಿದ್ರೆ ನಿನ್ನ ಬಾಗಿಲಿಗ್ಯಾಕೆ ಬರ್ತಿದ್ದೆ?” ಕಜಿಸ್ ಈಗ ನಗಲಿಲ್ಲ. “ಈಗ ಎಲ್ಲರೂ ಅಂಗಡಿ ಯೀಸ್ಟ್ ಪೊಟ್ಟಣ ತರ್ತಾರೆ, ಗೆನೊವೈತೆ.”

ಅವಳು ಚೀಲದಿಂದ ಹಳೆಯ ಪಿಂಗಾಣಿ ಬಟ್ಟಲೊಂದನ್ನು ತೆಗೆದು ಅವನ ಮುಂದಿಟ್ಟಳು. “ಬದುಕಿದ್ರೆ ಮೊದಲನೇದು ನಿಂಗೇ ಅಂತ ತಂದಿದ್ದೆ.”

ಕಜಿಸ್ ತನ್ನ ಬಟ್ಟಲನ್ನು ಗುರುತಿಸಿದ. ಮುಟ್ಟಲಿಲ್ಲ.

ರಮೂನಸ್ ರಸವನ್ನು ಉದ್ದನೆಯ ಗಾಜಿನ ಕೊಳವೆಗೆ ಸುರಿದು ಸಿಹಿ ಅಳೆಯುವ ಕಡ್ಡಿಯನ್ನು ತೇಲಿಬಿಟ್ಟ. ಅದು ಮುಳುಗಿತು, ಎದ್ದಿತು, ಸುಮ್ಮನಾಯಿತು. ಗೆನೊವೈತೆ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದಳು.

ಅದೇ ಹನ್ನೆರಡೂವರೆ ಡಿಗ್ರಿ.