ಕಾರು ಬಿಟ್ಟ ಮೇಷ್ಟ್ರು

ಉರ್ಗೆಂಚ್ ಪಟ್ಟಣದ ಅಂಚಿನ ಶಾಲೆಯಲ್ಲಿ ಭೂಗೋಳ ಹೇಳುವ ಮತ್ನಜರ್ ಮೇಷ್ಟ್ರು ಚಳಿಗಾಲ ಕಳೆದದ್ದೇ ತಡ, ಬಿಳಿ ಕಾರನ್ನು ಅಂಗಳದಲ್ಲಿ ನಿಲ್ಲಿಸಿ ಸೈಕಲ್ ಹತ್ತಿದ್ದರು. ಅದನ್ನು ನೋಡಿದರೆ ಹೆಂಡತಿ ಸಪರ್‌ಗುಲ್‌ಗೆ ಮೈ ಉರಿಯುತ್ತಿತ್ತು.

"ಈ ಒಂದು ವಾರ ಕಾರಲ್ಲಿ ಹೋಗ್ರೀ. ಗಂಡಿನ ಕಡೆಯೋರು ನಮ್ಮ ಬಗ್ಗೆ ಅಲ್ಲಿ ಇಲ್ಲಿ ವಿಚಾರಿಸ್ತಿದಾರಂತೆ. ಕಾರು ಮಾರ್ಕೊಂಡು ಬೀದಿಗೆ ಬಂದಿದಾರೆ ಅಂದ್ಕೊಂಡ್ರೆ ಜುಮಾಗುಲ್ ಗತಿ ಏನು?"

ಮಗಳು ಜುಮಾಗುಲ್ ಆ ಹುಡುಗನನ್ನು ಮನಸಾರೆ ಮೆಚ್ಚಿದ್ದಳು. ಈ ಸಂಬಂಧ ತಪ್ಪಿದರೆ ಅವಳ ಮುಖ ನೋಡಲು ತಮ್ಮಿಂದಾಗದು ಎಂದು ಹೆದರಿ ಮೇಷ್ಟ್ರು ಒಂದು ದಿನ ಕಾರು ತೆಗೆದರು. ಗ್ಯಾಸ್ ಬಂಕಿನ ಸಾಲಿನಲ್ಲಿ ಮುಕ್ಕಾಲು ಗಂಟೆ ಬೆಂದು, ಮುಂದಿನ ಲಾರಿಯ ಹೊಗೆ ಕುಡಿದು, ಕಂಡಕಂಡವರ ಮೇಲೆ ರೇಗುತ್ತ ಶಾಲೆ ಮುಟ್ಟಿದರು. ಮರುದಿನ ಹೆಂಡತಿ ತಂದೂರಿಗೆ ರೊಟ್ಟಿ ಬಡಿಯುತ್ತಿದ್ದಾಗ ಕಳ್ಳನ ಹಾಗೆ ಸೈಕಲ್ ತಳ್ಳಿಕೊಂಡು ಹೊರಬಿದ್ದರು.

ಎಂಥ ಸುಖ ಅದು! ಕಾಲುವೆ ಏರಿಯುದ್ದಕ್ಕೂ ಹಿಪ್ಪುನೇರಳೆಯ ನೆರಳು, ಮನೆಮನೆಯಿಂದ ಬಿಸಿ ರೊಟ್ಟಿಯ ಘಮ. ಎದುರು ಬಂದವರಿಗೆಲ್ಲ ಒಂದು ಕೈ ಎದೆಗಿಟ್ಟು ಸಲಾಂ. ಕಾರಿನಲ್ಲಿ ಹೋದರೆ ಈ ಸಲಾಮುಗಳೆಲ್ಲ ಗಾಜಿಗೆ ಬಡಿದು ಬಿದ್ದುಹೋಗುತ್ತಿದ್ದವು. ಸೇತುವೆಯ ಇಳಿಜಾರಿನಲ್ಲಿ ಐವತ್ತೆರಡರ ಮೇಷ್ಟ್ರು ಪೆಡಲಿನಿಂದ ಎರಡೂ ಕಾಲೆತ್ತಿ ಜಾರಿದರು.

ಅಲ್ಲಿ ಇನ್ನೊಂದು ಸೈಕಲ್ಲಿನ ಮೇಲೆ ಒಬ್ಬ ಅಜ್ಜ ಜೊತೆಯಾದರು. ಗಾಳಿ, ಕರಬೂಜದ ಬೆಳೆ, ಮಂಡಿನೋವು ಎಲ್ಲ ಮಾತಾಡಿ ಮುಗಿದ ಮೇಲೆ ಅಜ್ಜ ಕೇಳಿದರು: "ಈ ಕಡೆ ಮತ್ನಜರ್ ಅಂತ ಮೇಷ್ಟ್ರು ಇದಾರಂತಲ್ಲ, ಹೇಗಪ್ಪ ಮನುಷ್ಯ? ಅವರ ಮಗಳನ್ನ ನನ್ನ ಮೊಮ್ಮಗನಿಗೆ ಕೇಳೋಣ ಅಂತ."

ಮೇಷ್ಟ್ರ ಸೈಕಲ್ ಒಮ್ಮೆ ಓಲಾಡಿತು. ತಮ್ಮನ್ನೇ ಹೊಗಳಿಕೊಳ್ಳಲು ನಾಚಿಕೆ. ಅಷ್ಟು ಚೆಂದದ ಬೆಳಗಿನಲ್ಲಿ ಸುಳ್ಳು ಹೇಳಲೂ ಮನಸ್ಸಾಗಲಿಲ್ಲ.

"ಹಟಮಾರಿ. ಕಾರಿದ್ರೂ ಸೈಕಲ್ ಹೊಡೀತಾನೆ. ಹೆಂಡ್ತಿ ಮಾತು ಕೇಳಲ್ಲ, ಆದ್ರೆ ಹೆದರ್ತಾನೆ."

"ಹುಡುಗಿ?"

"ಅಪ್ಪನ ಹಟ ಪೂರ್ತಿ ಬಂದಿದೆ. ಆಸ್ಪತ್ರೇಲಿ ನರ್ಸು. ಮದುವೆ ಆದ್ಮೇಲೆ ಕೆಲಸ ಬಿಡು ಅಂದ್ರೆ ಬಿಡೋಳಲ್ಲ. ಆದ್ರೆ ಅವಳು ಹೋದ್ರೆ ಆ ಮನೆ ಬಣಗುಟ್ಟುತ್ತೆ, ಅಜ್ಜ."

ಕೊನೆಯ ಮಾತಿಗೆ ಗಂಟಲು ಕಟ್ಟಿತು. ಅಜ್ಜ ಅವರ ಮುಖವನ್ನೊಮ್ಮೆ ನೋಡಿ, ಬೆಲ್ ಬಾರಿಸಿ, ಪಕ್ಕದ ಓಣಿಗೆ ತಿರುಗಿಕೊಂಡರು.

ಮಗಳ ಬಾಳಿಗೆ ನಾನೇ ಕಲ್ಲು ಹಾಕಿದೆನಲ್ಲ ಎಂದು ಮೇಷ್ಟ್ರಿಗೆ ಮೂರು ದಿನ ಊಟ ಸೇರಲಿಲ್ಲ. ಭಾನುವಾರ ಗಂಡಿನ ಕಡೆಯವರು ರೊಟ್ಟಿಯ ಗಂಟು ಹಿಡಿದು ಬಂದರು. ಆ ರೊಟ್ಟಿ ಮುರಿದರೆ ಮದುವೆ ಮಾತು ಗಟ್ಟಿ, ಮುರಿಯದೆ ಹೋದರೆ ಇಲ್ಲ. ಎಲ್ಲರ ಹಿಂದೆ, ಸೈಕಲ್ಲಿನ ಮೇಲೆ, ಅದೇ ಅಜ್ಜ. ಮೇಷ್ಟ್ರು ಬಾಗಿಲ ಮರೆಗೆ ಸರಿದರು.

"ಎಲ್ಲಿಗೆ ಓಡ್ತೀರಿ ಮೇಷ್ಟ್ರೇ? ಒಂಬತ್ತು ಜನರನ್ನ ಕೇಳ್ದೆ. ಎಲ್ರೂ ನಿಮ್ಮನ್ನ ಅಟ್ಟಕ್ಕೇರಿಸಿದ್ರು. ಬೈದಿದ್ದು ನೀವೊಬ್ರೇ."

"ನಾನೇ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಆ ಹುಡುಗಿ ಮಾತು ಬಂದಾಗ ಬೇರೆಯೋರಿಗೆ ಯಾಕೆ ಗಂಟಲು ಕಟ್ಟುತ್ತೆ?"

ಅಜ್ಜ ರೊಟ್ಟಿ ಎತ್ತಿಕೊಂಡು ಎರಡು ಹೋಳು ಮಾಡಿದರು. ಸಪರ್‌ಗುಲ್ ತಲೆವಸ್ತ್ರದ ತುದಿಯಿಂದ ಕಣ್ಣೊರೆಸಿಕೊಂಡಳು.

"ಕೆಲಸ ಅವಳಿಷ್ಟ," ಎಂದರು ಅಜ್ಜ, ಒಂದು ಹೋಳನ್ನು ಮೇಷ್ಟ್ರ ಕೈಗಿಡುತ್ತ. "ನಮ್ಮನೆ ನಿಮ್ಮ ಶಾಲೆ ದಾರೀಲೇ ಇದೆ, ಬೀಗರೇ. ದಿನಾ ಬೆಳಿಗ್ಗೆ ಮಗಳ ಕೈಯಿಂದ ಚಹಾ ಕುಡ್ಕೊಂಡು ಹೋಗಿ. ಸೈಕಲಲ್ಲೇ ಬನ್ನಿ ಮತ್ತೆ. ನಮ್ಮ ಓಣೀಲಿ ಕಾರು ಹಿಡಿಸಲ್ಲ."